‘ಇರು’ ಎಂದು ಹೇಳಿ ಹೋದ ಸಾಹೇಬರು

ನಾಯಿಗಳಲ್ಲಿ ಏಕಾಗ್ರತೆ ಕಡಿಮೆಯಾಗುತ್ತಿದೆ ಎಂಬ ಗಂಭೀರ ವಿಷಯ ಸರ್ಕಾರದ ಗಮನಕ್ಕೆ ಬಂದದ್ದು ಮಂತ್ರಿಗಳೊಬ್ಬರ ಭಾಷಣದ ನಡುವೆ. ಮೈದಾನದಲ್ಲಿದ್ದ ಜನರೆಲ್ಲ ಎದ್ದು ಹೋದ ಮೇಲೂ ಒಂದು ನಾಯಿ ವೇದಿಕೆಯೆದುರು ಕೂತೇ ಇತ್ತು. ಮಂತ್ರಿಗಳು ಅದರ ಮುಖ ನೋಡಿಕೊಂಡೇ ಭಾಷಣ ಮುಂದುವರಿಸಿದರು. ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಅದು ಕಿವಿ ಕೆರೆದುಕೊಂಡು ಎದ್ದು ಹೋಯಿತು. ಜನ ಎದ್ದು ಹೋಗುವುದು ಪ್ರಜಾಪ್ರಭುತ್ವ. ನಾಯಿ ಎದ್ದು ಹೋಗುವುದು ಅಶಿಸ್ತು. ಹೀಗಾಗಿ ನಮ್ಮ ಶ್ವಾನ ಏಕಾಗ್ರತೆ ಮತ್ತು ವಿಧೇಯತೆ ಇಲಾಖೆ ಹುಟ್ಟಿತು. ನಾನು ಅದರಲ್ಲಿ ಪ್ರಕಟಣೆ ಬರೆಯುವ ಗುಮಾಸ್ತ. ಆದ್ದರಿಂದ ಇಲ್ಲಿ ಹೇಳಿದ್ದೆಲ್ಲ ನಿಜವೆಂದೇ ತಿಳಿಯತಕ್ಕದ್ದು.

ಇಲಾಖೆಗೆ ಹಳೆಯ ತೂಕದ ಕಚೇರಿಯ ಕಟ್ಟಡ ಸಿಕ್ಕಿತು. ಹಜಾರದ ನಡುವೆ ಮೂಟೆ ತೂಗುವ ದೊಡ್ಡ ತಕ್ಕಡಿಯೊಂದು ನೆಲ ಕಚ್ಚಿಕೊಂಡು ನಿಂತಿತ್ತು. ಅದನ್ನು ಕೀಳಿಸುವ ಅಧಿಕಾರವಿದ್ದ ಇಲಾಖೆಯೇ ಮುಚ್ಚಿಹೋಗಿದ್ದರಿಂದ ತಕ್ಕಡಿ ಅಲ್ಲೇ ಉಳಿಯಿತು, ನಾವು ಅದರ ಸುತ್ತ ಮೇಜು ಹಾಕಿಕೊಂಡೆವು.

ನಾಯಿಗೆ ಕಲಿಸಬೇಕಾದ ಮಾತುಗಳು ಹೆಚ್ಚಿಲ್ಲ: ನೋಡು, ಕೂರು, ಇರು, ಬಾ. ಇವುಗಳಲ್ಲಿ ‘ನೋಡು’ ಎಂಬುದೇ ಬುನಾದಿ. ನಾಯಿ ಮೊದಲು ನಮ್ಮ ಮುಖ ನೋಡಬೇಕು, ಆಮೇಲೆ ಮಿಕ್ಕಿದ್ದು. ಇದನ್ನು ಕಲಿಸಲು ತರಬೇತುದಾರ ಬೇಕಷ್ಟೆ. ಅರ್ಜಿ ಹಾಕಿದವರೆಲ್ಲ ಮನೆಯಲ್ಲಿ ನಾಯಿ ಸಾಕಿದವರೇ. ಸಾಕಿದವರಿಗೆ ಪಕ್ಷಪಾತ ಇರುತ್ತದೆ ಎಂದು ಅವರನ್ನೆಲ್ಲ ಕೈಬಿಟ್ಟು, ಯಾವ ಪಕ್ಷಪಾತವೂ ಇಲ್ಲದ ನಮ್ಮ ಟೈಪಿಸ್ಟರಿಗೆ ಆ ಹೊಣೆ ವಹಿಸಲಾಯಿತು. ಅವರಿಗೆ ನಾಯಿಯೆಂದರೆ ಭಯ. ನಾಯಿ ಒಳಗೆ ಬಂದ ಕೂಡಲೇ ಅವರು ಮೇಜು ಹತ್ತುತ್ತಿದ್ದರು. ನಾಯಿಗಳೂ ತಲೆ ಎತ್ತಿ ಅವರನ್ನೇ ನೋಡುತ್ತಿದ್ದವು. ‘ನೋಡು’ ಎಂಬ ಪಾಠ ಹೀಗೆ ಮೊದಲ ದಿನದಿಂದಲೇ ಯಶಸ್ವಿಯಾಗಿತ್ತು.

ಬಹುಮಾನಕ್ಕೆಂದು ಬಿಸ್ಕತ್ತು ಬರುತ್ತಿತ್ತು. ನಾಯಿಗೆ ಬಿಸ್ಕತ್ತು ತೋರಿಸುವ ಅಧಿಕಾರ ತರಬೇತುದಾರರಿಗೆ ಇತ್ತು. ಕೊಡುವುದಕ್ಕೆ ಮೇಲಿನ ಮಂಜೂರಾತಿ ಬೇಕಿತ್ತು. ಮಂಜೂರಾತಿ ಬರುವಷ್ಟರಲ್ಲಿ ಬಿಸ್ಕತ್ತು ಮೆತ್ತಗಾಗಿ ಸರ್ಕಾರಕ್ಕೆ ನಷ್ಟವಾಗಬಾರದಲ್ಲ ಎಂದು ನಾವೆಲ್ಲ ಚಹಾದ ಹೊತ್ತಿಗೆ ಸ್ವಲ್ಪ ಸ್ವಲ್ಪ ಹಂಚಿಕೊಂಡು ಆ ನಷ್ಟ ತಪ್ಪಿಸುತ್ತಿದ್ದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಹೊರಗಿನವರು ಆಡಿಕೊಂಡರು. ಹೊರಗಿನವರಿಗೆ ನಿಯಮ ಗೊತ್ತಿರುವುದಿಲ್ಲ.

ಪರೀಕ್ಷೆಯಲ್ಲಿ ಫೇಲಾದ ನಾಯಿಗಳನ್ನು ನದಿಯಾಚೆಯ ಪುನಶ್ಚೇತನ ಶಿಬಿರಕ್ಕೆ ಕಳಿಸುತ್ತಿದ್ದೆವು. ಶಿಬಿರದ ವ್ಯವಸ್ಥೆ ಎಷ್ಟು ಚೆನ್ನಾಗಿತ್ತೆಂದರೆ ಅಲ್ಲಿಗೆ ಹೋದ ಒಂದು ನಾಯಿಯೂ ವಾಪಸು ಬರುವ ಮನಸ್ಸು ಮಾಡಿರಲಿಲ್ಲ. ಪಾಸಾದ ನಾಯಿ ಮಾತ್ರ ಒಂದೂ ಇರಲಿಲ್ಲ. ಇದು ಮೇಲಿನವರಿಗೆ ಸ್ವಲ್ಪ ಇರುಸುಮುರುಸು ಉಂಟುಮಾಡಿತ್ತು.

ಇಂಥ ಹೊತ್ತಿನಲ್ಲಿ ಟೈಲರಮ್ಮನ ನಾಯಿಗೆ ನೋಟೀಸು ಹೋಯಿತು. ನಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ಒಂದೇ ಕೋಣೆಯ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಆಕೆಯನ್ನು ಎಲ್ಲರೂ ಟೈಲರಮ್ಮ ಎಂದೇ ಕರೆಯುತ್ತಿದ್ದರು. ನಾಯಿ ಕರುವಿನಷ್ಟು ಎತ್ತರ, ಹೆಸರು ಗುಬ್ಬಿ. ನಮ್ಮ ಇನ್‌ಸ್ಪೆಕ್ಟರು ಬೀದಿಯಲ್ಲಿ ಹೋಗುವಾಗ ಗುಬ್ಬಿ ಅವರ ಮುಖ ನೋಡದೆ ಟೈಲರಮ್ಮನ ಮುಖವನ್ನೇ ನೋಡುತ್ತ ಕೂತಿತ್ತೆಂಬುದು ಆರೋಪ.

ಆಕೆಯ ಗಂಡ ಹಡಗಿನ ಕೆಲಸಕ್ಕೆಂದು ಹೋಗಿ, ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡು ಅಲ್ಲೇ ನಿಂತುಬಿಟ್ಟಿದ್ದ. ಬಿಟ್ಟುಹೋದದ್ದು ತನ್ನ ತಾಯಿಯನ್ನು. ಆ ಅತ್ತೆ ಕರೆದರೆ ಬರುವವರಲ್ಲ, ಕರೆಯದಿದ್ದರೆ ಹೋಗುವವರೂ ಅಲ್ಲ. ಆ ಮನೆಯಲ್ಲಿ ಟೈಲರಮ್ಮ ಕರೆದರೆ ಓಡಿ ಬರುತ್ತಿದ್ದ ಜೀವವೆಂದರೆ ಗುಬ್ಬಿ ಒಂದೇ. ಅದನ್ನು ಶಿಬಿರಕ್ಕೆ ಕಳಿಸುತ್ತಾರೆಂದು ಕೇಳಿ ಆಕೆ ನಾಯಿಯ ಜೊತೆ ನಮ್ಮ ಕಚೇರಿಗೆ ಓಡಿಬಂದರು. ಅತ್ತೆಯೂ ಹಿಂದೆಯೇ ಬಂದರು.

"ಸಾರ್, ಇದಕ್ಕೆ ಎಲ್ಲಾ ಬರುತ್ತೆ," ಎಂದರು ಟೈಲರಮ್ಮ. "ಗುಬ್ಬಿ, ಕೂರು."

ಗುಬ್ಬಿ ಕೂತಿತು.

ನಮ್ಮ ಸೂಪರಿಂಟೆಂಡೆಂಟರು ಕನ್ನಡಕ ತೆಗೆದು ಒರೆಸಿಕೊಂಡರು. "ಅದೇ ತೊಂದ್ರೆ ನೋಡಮ್ಮಾ. ತರಬೇತಿಗೆ ಮುಂಚೇನೇ ಕೂತ್ರೆ ನಾವು ಕಲಿಸಿದ್ದು ಅಂತ ಹೇಗೆ ಬರ್ಯೋದು? ಯಾರು ಕಲಿಸಿದ್ರು ಇದಕ್ಕೆ?"

"ನಾನೇ ಸಾರ್. ನೆಲದ ಮೇಲೆ ಬಟ್ಟೆ ಕತ್ತರಿಸಿ ಹರಡಿರ್ತೀನಲ್ಲ, ಮರಿ ಇದ್ದಾಗ ಅದರ ಮೇಲೇ ಓಡಾಡೋದು. ಒಂದಿನ ಯಾರದೋ ಕೋಟಿನ ತೋಳು ಎತ್ಕೊಂಡು ಹೋಗ್ಬಿಡ್ತು. ಆಮೇಲೆ ಚಾಪೆ ಮೇಲೆ ಕೂರಿಸಿ ಕಲಿಸ್ದೆ. ನನ್ ಮುಖ ನೋಡಿದ್ರೆ ಒಂದು ಚೂರು ಬ್ರೆಡ್ ಕೊಡ್ತಿದ್ದೆ."

"ಕೊಟ್ಟೇಬಿಡ್ತಿದ್ರಾ?" ಬಿಸ್ಕತ್ತಿನ ಲೆಕ್ಕ ಇಡುತ್ತಿದ್ದ ಉಗ್ರಾಣದವರು ದಿಗಿಲಾಗಿ ಕೇಳಿದರು. "ತೋರಿಸಿ ಒಳಗಿಡ್ತಿರ್ಲಿಲ್ವಾ?"

"ತೋರಿಸಿ ಒಳಗಿಟ್ರೆ ಅದು ನನ್ನನ್ಯಾಕೆ ನಂಬುತ್ತೆ ಸಾರ್?"

ಇಂಥ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರ ಇರಲಿಲ್ಲ. ಆದ್ದರಿಂದ ಅದನ್ನು ಪ್ರಶ್ನೆಯೆಂದು ಪರಿಗಣಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೆ? ಗುಬ್ಬಿಯನ್ನು ತರಬೇತಿಗೆ ಸೇರಿಸಿಕೊಂಡು, ಕೆಲವು ವಾರ ಮೇಜಿನ ಮೇಲೆ ನಿಂತ ಟೈಪಿಸ್ಟರನ್ನು ತೋರಿಸಿ, ಅದಕ್ಕೆ ಆಗಲೇ ಬರುತ್ತಿದ್ದುದನ್ನೆಲ್ಲ ಕ್ರಮಬದ್ಧವಾಗಿ ಕಲಿಸಿ, ಪರೀಕ್ಷೆಯ ದಿನ ಗೊತ್ತುಮಾಡಲಾಯಿತು.

ಪರೀಕ್ಷೆಯ ನಿಯಮ ಹೀಗಿತ್ತು. ನಾಯಿಗೆ ಕೊಡುವ ಆಜ್ಞೆ ಸರ್ಕಾರಿ ಆದೇಶಕ್ಕೆ ಸಮಾನ. ಅದನ್ನು ನಿರ್ದೇಶಕರೇ ಹೊರಡಿಸಬೇಕು, ಹಿಂದಕ್ಕೆ ಪಡೆಯಬೇಕಾದವರೂ ಅವರೇ. ನಾಯಿಯ ಯಜಮಾನರು ಸುಣ್ಣದ ಗೆರೆಯಾಚೆ ಬಾಯಿ ಮುಚ್ಚಿಕೊಂಡು ನಿಂತಿರತಕ್ಕದ್ದು. ಪರೀಕ್ಷೆ ಮುಗಿಯುವ ಮೊದಲು ಅವರು ಕರೆದು, ನಾಯಿ ಜಾಗ ಬಿಟ್ಟು ಎದ್ದರೆ, ಫೇಲು. ಫೇಲಾದರೆ ಶಿಬಿರ.

ನಿರ್ದೇಶಕ ಸಾಹೇಬರು ಹಜಾರಕ್ಕೆ ಬಂದರು. ಸಾಹೇಬರು ನಾಯಿಯೊಡನೆ ನೇರ ವ್ಯವಹರಿಸುವಂತಿರಲಿಲ್ಲ. ಅವರು ಸೂಪರಿಂಟೆಂಡೆಂಟರ ಕಡೆ ತಿರುಗಿ, "ನಾಯಿ ಕೂರತಕ್ಕದ್ದು," ಎಂದರು. ಸೂಪರಿಂಟೆಂಡೆಂಟರು ಟೈಪಿಸ್ಟರಿಗೆ, "ನಾಯಿ ಕೂರುವ ಬಗ್ಗೆ ತುರ್ತು ಕ್ರಮ ಕೈಗೊಳ್ಳುವುದು," ಎಂದರು. ಟೈಪಿಸ್ಟರು ಮೇಜಿನ ಮೇಲಿಂದ, "ಮೇಲ್ಕಾಣಿಸಿದಂತೆ ಕೂರು," ಎಂದರು.

ಹಿಂದೆ ಬೇರೆ ನಾಯಿಗಳೆಲ್ಲ ಈ ಹೊತ್ತಿಗೆ ತಕ್ಕಡಿಯ ಹತ್ತಿರ ಹೋಗಿ ಕಾಲೆತ್ತಿ ಬರುತ್ತಿದ್ದವು. ಗುಬ್ಬಿ ಕೂತಿತು. ಗೆರೆಯಾಚೆ ಟೈಲರಮ್ಮ ಕಣ್ಣನ್ನು ಮೆಲ್ಲಗೆ ಕೆಳಗೆ ಮಾಡಿದ್ದನ್ನು ನಾನು ನೋಡಿದೆ. ಕಣ್ಣು ಕೆಳಗೆ ಮಾಡಬಾರದೆಂದು ನಿಯಮದಲ್ಲಿ ಇರಲಿಲ್ಲ.

ಆಮೇಲೆ ‘ಇರು’. ಸಾಹೇಬರಿಂದ ಹೊರಟ ‘ಇರು’ ಸೂಪರಿಂಟೆಂಡೆಂಟರ ಮೂಲಕ ಟೈಪಿಸ್ಟರನ್ನು ತಲುಪಿ ನಾಯಿಗೆ ಜಾರಿಯಾಯಿತು. ನಿಯಮದಂತೆ ಸಾಹೇಬರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬಂದು ‘ಸಾಕು’ ಎನ್ನಬೇಕು. ಅಲ್ಲಿಗೆ ಪಾಸು.

ನಮ್ಮ ಸೂಪರಿಂಟೆಂಡೆಂಟರಿಗೆ ಸಂತೋಷ ತಡೆಯಲಾಗಲಿಲ್ಲ. ಒಂದು ನಾಯಿ ಕೂತಿದೆ ಎಂದು ಅಷ್ಟರಲ್ಲೇ ಮುಖ್ಯ ಕಚೇರಿಗೆ ಫೋನು ಮಾಡಿಬಿಟ್ಟರು. ಮುಖ್ಯ ಕಚೇರಿಯವರಿಗೂ ಸಂತೋಷ ತಡೆಯಲಾಗಲಿಲ್ಲ. ಇಂಥ ಸಾಧನೆ ಮಾಡಿದ ಅಧಿಕಾರಿ ಇನ್ನೂ ಇಷ್ಟು ಸಣ್ಣ ಹುದ್ದೆಯಲ್ಲಿರುವುದು ಸರಿಯಲ್ಲವೆಂದು ಸಾಹೇಬರಿಗೆ ತಕ್ಷಣ ಬಡ್ತಿ ಕೊಟ್ಟು, ಕೂಡಲೇ ಬಂದು ಸೇರಿಕೊಳ್ಳುವಂತೆ ಕಾರು ಕಳಿಸಿದರು. ಸಾಹೇಬರ ಕೋಣೆಗೆ ಹಿಂದಿನಿಂದ ಒಂದು ಬಾಗಿಲಿತ್ತು. ಅವರು ಆ ಬಾಗಿಲಿನಿಂದ ಬಡ್ತಿಗೆ ಹೊರಟುಹೋದರು.

ನಾವು ಕಾದೆವು. ಚಹಾ ಬಂತು, ಕುಡಿದೆವು. ಕೊನೆಗೆ ಜವಾನ ಹೋಗಿ ನೋಡಿ ಬಂದು, "ಸಾಹೇಬ್ರು ಹೋದ್ರು," ಎಂದ.

ಟೈಲರಮ್ಮ ಗೆರೆಯಾಚೆಯಿಂದಲೇ ಕೇಳಿದರು. "ಹೋದ್ರು ಅಂದ್ರೆ? ಸಾಕು ಅಂತ ಯಾರ್ ಹೇಳ್ತಾರೆ?"

"ಸಾಹೇಬ್ರೇ ಹೇಳ್ಬೇಕು. ಇಲ್ಲಾ ಅವರ ಜಾಗಕ್ಕೆ ಬರೋರು ಹೇಳ್ಬೇಕು," ಎಂದರು ಸೂಪರಿಂಟೆಂಡೆಂಟರು.

"ನಾನ್ ಕರ್ಕೊಂಡ್ ಹೋಗ್ಲಾ?"

"ಧಾರಾಳವಾಗಿ ಕರೀರಿ. ಎದ್ರೆ ಫೇಲು. ಶಿಬಿರದ ಗಾಡಿ ಬಾಗಿಲಲ್ಲೇ ಇದೆ."

ಟೈಲರಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಗುಬ್ಬಿ ಆಕೆಯ ಮುಖವನ್ನೇ ನೋಡುತ್ತಿತ್ತು. ಒಂದು ಮಾತಿಗೆ ಕಾಯುತ್ತಿತ್ತು ಅಷ್ಟೆ, ಆ ಮಾತು ಆಕೆಯ ನಾಲಿಗೆಯ ಮೇಲೇ ಇತ್ತು. ನನಗೆ ಅದನ್ನು ನೋಡಲಾಗಲಿಲ್ಲ. ತಲೆ ಬಗ್ಗಿಸಿ ಪ್ರಕಟಣೆ ಬರೆಯಲು ಕೂತೆ.

"ಈ ಮೂಲಕ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಹಜಾರದಲ್ಲಿ ಆದೇಶ ಪಾಲನೆ ನಡೆಯುತ್ತಿದೆ. ಯಾರೂ ನಾಯಿಯನ್ನು ಕರೆಯತಕ್ಕದ್ದಲ್ಲ, ಮುದ್ದು ಮಾಡತಕ್ಕದ್ದಲ್ಲ, ಅದಕ್ಕೆ ಕೇಳಿಸುವಂತೆ ಮರುಗತಕ್ಕದ್ದಲ್ಲ."

ಆದರೆ ನಾಯಿಗೂ ಹೊಟ್ಟೆ ಇರುತ್ತದೆ, ಇನ್ನೊಂದು ಅವಸರವೂ ಇರುತ್ತದೆ. ಇದಕ್ಕಾಗಿ ಒಂದು ಸುತ್ತೋಲೆ ಹೊರಟಿತು. ನಾಯಿಯು ಜವಾನನ ಜೊತೆ ಹಿತ್ತಿಲಿಗೆ ಹೋಗಿ ಬರುವ ಅವಧಿಯಲ್ಲಿ ಅದು ಇದ್ದಲ್ಲೇ ಇದೆ ಎಂದು ಭಾವಿಸತಕ್ಕದ್ದು. ನಮ್ಮ ನೌಕರರಿಗೆ ಈ ಸೌಲಭ್ಯ ಮೊದಲಿನಿಂದಲೂ ಇದ್ದುದರಿಂದ ಯಾರಿಗೂ ಇದು ವಿಚಿತ್ರವೆನ್ನಿಸಲಿಲ್ಲ.

ಹಾಗೆ ಕರೆದುಕೊಂಡು ಹೋದರೂ ಟೈಲರಮ್ಮ ಎದುರಿಗೆ ಇಲ್ಲದಿದ್ದರೆ ಗುಬ್ಬಿ ಅನ್ನ ಮುಟ್ಟುತ್ತಿರಲಿಲ್ಲ. ಆಕೆ ಬೆಳಿಗ್ಗೆ ಬಂದು ಗೆರೆಯಾಚೆ ನಿಲ್ಲುವುದು, ಸಂಜೆ ಹೋಗುವುದು. ಅಂಗಡಿಗೆ ಬೀಗ ಬಿದ್ದು ಗಿರಾಕಿಗಳು ಬೈಯತೊಡಗಿದ ಮೇಲೆ ಒಂದು ದಿನ ಹೊಲಿಗೆ ಮಿಷನ್ನನ್ನೇ ಹೊರಿಸಿಕೊಂಡು ಬಂದರು. ಗೆರೆಯಾಚೆ ಮಿಷನ್ ಇಡಬಾರದೆಂಬ ನಿಯಮವೂ ಇರಲಿಲ್ಲ. ಗಿರಾಕಿಗಳು ಕಚೇರಿಗೇ ಬಂದು ಅಳತೆ ಕೊಡತೊಡಗಿದರು. ಸೂಪರಿಂಟೆಂಡೆಂಟರು ತಮ್ಮ ಪ್ಯಾಂಟಿನ ಸೊಂಟ ಸಡಿಲ ಮಾಡಿಸಿಕೊಂಡರು. ಬಿಸ್ಕತ್ತಿನ ನಷ್ಟ ತಪ್ಪಿಸುವುದರಲ್ಲಿ ಅವರ ಪಾಲು ದೊಡ್ಡದಿತ್ತು.

ಮನೆಯಲ್ಲಿ ಜಗಳವಾಡಲು ಯಾರೂ ಇಲ್ಲವಾಗಿ ಅತ್ತೆಯೂ ಬಂದು ತಕ್ಕಡಿಯ ತಟ್ಟೆಯ ಮೇಲೆ ಕಾಲು ಚಾಚಿ ಕೂತರು.

"ಏ ಇವಳೇ, ನಾಯಿ ಬಿಡಿಸ್ಕೊಂಡ್ ಬರ್ತೀನಿ ಅಂತ ಬಂದೋಳು ಮನೇನೇ ತಂದು ಇಲ್ಲಿ ಹಾಕಿದೀಯಲ್ಲೇ."

"ಹೊಸ ಸಾಹೇಬ್ರು ಬರ್ಲಿ ಅತ್ತೆ. ಒಂದು ಮಾತು ತಾನೇ."

"ಒಂದು ಮಾತಂತೆ! ನನ್ ಮಗನೂ ಒಂದೇ ಮಾತು ಹೇಳ್ಹೋದ. ಬರ್ತೀನಿ ಅಂತ."

ಟೈಲರಮ್ಮ ತಲೆ ಎತ್ತದೆ ಹೊಲಿದರು.

ಇತ್ತ ಗುಬ್ಬಿಯ ಹೆಸರು ಊರೂರು ಮುಟ್ಟಿತು. ಇಷ್ಟು ದಿನ ಒಂದೇ ಆದೇಶವನ್ನು ಪಾಲಿಸಿದ ನಾಯಿ ಬೇರೆಲ್ಲೂ ಇರಲಿಲ್ಲ. ನೌಕರರಲ್ಲಂತೂ ಇರಲೇ ಇಲ್ಲ. ಬೇರೆ ಬೇರೆ ಇಲಾಖೆಗಳಿಂದ ನಿಯೋಗಗಳು ಬಂದು ನೋಡತೊಡಗಿದವು. ಗುಬ್ಬಿಯ ಸುತ್ತ ಕೆಂಪು ಹಗ್ಗ ಕಟ್ಟಿಸಿದೆವು. ನಿಯೋಗದವರೆದುರು ಬಿಸ್ಕತ್ತು ತೋರಿಸಿ ಒಳಗಿಟ್ಟರೆ ನೋಡಲು ಚೆನ್ನಾಗಿರುವುದಿಲ್ಲವೆಂದು ಮುಖ್ಯ ಕಚೇರಿಯೇ ಮಂಜೂರಾತಿ ಕೊಟ್ಟಿತು. ನಮ್ಮ ಇಲಾಖೆಯ ಇತಿಹಾಸದಲ್ಲಿ ಒಂದು ನಾಯಿ ಬಿಸ್ಕತ್ತು ತಿಂದದ್ದು ಅಂದೇ ಮೊದಲು. ನಿರ್ದೇಶಕರ ಖಾಲಿ ಕೋಣೆಯನ್ನು ಅತಿಥಿಗಳಿಗೆಂದು ಇಟ್ಟಿದ್ದೆವು. ಆ ಬಾಗಿಲು ತೆರೆಯುತ್ತಿತ್ತು, ನಿಯೋಗ ಹೊರಬರುತ್ತಿತ್ತು, ಗುಬ್ಬಿಗೆ ಬಿಸ್ಕತ್ತು ಸಿಗುತ್ತಿತ್ತು. ಉಳಿದದ್ದು ನಮಗೂ ಸಿಗುತ್ತಿತ್ತು. ಬಾಗಿಲು ಕಿರ್ ಎಂದರೆ ಎಲ್ಲರ ತಲೆಯೂ ಮೇಲೇಳುತ್ತಿತ್ತು.

ಕೊನೆಗೂ ಹೊಸ ನಿರ್ದೇಶಕರು ಬಂದರು. ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಮರುದಿನ ಟೈಲರಮ್ಮ ಅವರ ಕೋಣೆಗೆ ಹೋಗಿ ಕೈಮುಗಿದು ನಿಂತರು.

"ಸಾರ್, ಸಾಕು ಅಂತ ಒಂದ್ ಮಾತು ಹೇಳ್ಬಿಡಿ. ಕರ್ಕೊಂಡ್ ಹೋಗ್ತೀನಿ."

"ಅಷ್ಟೇನಾ? ಅಯ್ಯೋ ಪಾಪ, ಈಗಲೇ ಹೇಳ್ತೀನಿ," ಎಂದು ಅವರು ಎದ್ದೇಬಿಟ್ಟರು. ಸೂಪರಿಂಟೆಂಡೆಂಟರು ಗಾಬರಿಯಿಂದ ಅವರ ಕಿವಿಯ ಹತ್ತಿರ ಬಗ್ಗಿದರು. ನಾನು ಹತ್ತಿರವೇ ಇದ್ದೆ.

"ಸಾರ್, ಸಾಕು ಅಂದ್ರೆ ಪರೀಕ್ಷೆ ಮುಗೀತು. ಮುಗಿದ್ರೆ ಫಲಿತಾಂಶ ಕೊಡ್ಬೇಕು. ಫಲಿತಾಂಶ ಕೊಟ್ರೆ ಯೋಜನೆ ಪೂರ್ತಿ ಆಯ್ತು ಅಂತ ಅರ್ಥ. ಯೋಜನೆ ಪೂರ್ತಿ ಆದ್ಮೇಲೆ ಇಲಾಖೆ ಯಾಕೆ ಅಂತಾರೆ ಸಾರ್. ನೀವು ನಿನ್ನೆ ಬಂದಿದೀರಿ."

ಹೊಸ ಸಾಹೇಬರು ಮೆಲ್ಲಗೆ ಕೂತರು. ಕಿಟಕಿಯಾಚೆ ಹುದ್ದೆಯ ಜೊತೆ ಅವರಿಗೆ ಸಿಕ್ಕಿದ್ದ ಕಾರು ನಿಂತಿತ್ತು. ಅದನ್ನು ನೋಡಿ, ಟೈಲರಮ್ಮನನ್ನು ನೋಡಿ, ಪ್ರಾಮಾಣಿಕವಾಗಿಯೇ ನೊಂದುಕೊಂಡು ಹೇಳಿದರು: "ಅಮ್ಮಾ, ನಿಮ್ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ನಿಮ್ ನಾಯಿ ಈಗ ನಿಮ್ಮೊಬ್ಬರದಲ್ಲ. ಸ್ವಲ್ಪ ಇರ್ಲಿ."

ಆ ‘ಇರಲಿ’ ಸೂಪರಿಂಟೆಂಡೆಂಟರ ಮೂಲಕ ಟೈಪಿಸ್ಟರಿಗೆ, ಟೈಪಿಸ್ಟರ ಮೂಲಕ ಗುಬ್ಬಿಗೆ ಹೋಯಿತು. ಟೈಪಿಸ್ಟರು ಈ ನಡುವೆ ಮೇಜು ಹತ್ತುವುದನ್ನು ಬಿಟ್ಟಿದ್ದರು. ಅವರು ನಾಯಿಯ ಪಕ್ಕದಲ್ಲೇ ಮೊಣಕಾಲೂರಿ, ಬಹಳ ತಗ್ಗಿದ ಸ್ವರದಲ್ಲಿ ಅದನ್ನು ಜಾರಿಮಾಡಿದರು.

ಟೈಲರಮ್ಮ ಕೋಣೆಯಿಂದ ಹೊರಬಂದು ಮಿಷನ್ನಿನ ಹತ್ತಿರ ಹೋದರು. ಆಮೇಲೆ ಕತ್ತರಿ, ಟೇಪು, ದಾರದ ಉಂಡೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಸುಣ್ಣದ ಗೆರೆಯ ಹತ್ತಿರ ಬಂದರು. ಏನಾಗಲಿದೆ ಎಂದು ನಮಗೆಲ್ಲ ಗೊತ್ತಾಯಿತು. ಆಗ ನಮ್ಮ ಕಚೇರಿಯಲ್ಲಿ ಹಿಂದೆಂದೂ ನಡೆಯದಂಥದೊಂದು ನಡೆಯಿತು. ಸೂಪರಿಂಟೆಂಡೆಂಟರು ಕಿಟಕಿಯತ್ತ ತಿರುಗಿದರು. ಉಗ್ರಾಣದವರು ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದರು. ಜವಾನ ಹೊರಬಾಗಿಲನ್ನು ಪೂರ್ತಿ ತೆರೆದಿಟ್ಟು, ಶಿಬಿರದ ಗಾಡಿಯ ಡ್ರೈವರನನ್ನು ಚಹಾಕ್ಕೆ ಕರೆದುಕೊಂಡು ಹೋದ. ನಾನು ಕಣ್ಣು ಮುಚ್ಚಿಕೊಂಡೆ. ಯಾರೂ ನೋಡಿರದ ಘಟನೆಯ ಬಗ್ಗೆ ಪ್ರಕಟಣೆ ಬರೆಯಲು ಬರುವುದಿಲ್ಲ. ಓಡಿಹೋಗು ಮಹರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಗುಬ್ಬೀ, ಬಾರೋ," ಎಂದರು ಟೈಲರಮ್ಮ. "ಬಾ ಮರಿ, ಮನೆಗ್ ಹೋಗೋಣ."

ನೆಲಕ್ಕೆ ಬಾಲ ಬಡಿಯುವ ಸದ್ದು ಕೇಳಿಸಿತು. ಉಗುರಿನ ಸದ್ದು ಕೇಳಿಸಲಿಲ್ಲ. ಕಣ್ಣು ತೆರೆದೆ.

ಗುಬ್ಬಿ ಕೂತಲ್ಲೇ ಕೂತಿತ್ತು. ಆಕೆಯ ಕಡೆ ಒಂದು ಸಲ ನೋಡಿತು. ಬಾಲ ಅಲ್ಲಾಡಿಸಿತು, ಪ್ರೀತಿಯಿಂದಲೇ ಅಲ್ಲಾಡಿಸಿತು. ಆಮೇಲೆ ಮುಖ ತಿರುಗಿಸಿ ಮತ್ತೆ ಸಾಹೇಬರ ಬಾಗಿಲನ್ನು ನೋಡತೊಡಗಿತು.

"ಬಾರೋ..." ಆಕೆ ಇನ್ನೊಂದು ಸಲ ಕರೆದರು. ದನಿ ಹೊರಟಿತೋ ಇಲ್ಲವೋ. ಗುಬ್ಬಿ ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

ಟೈಪಿಸ್ಟರು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಗುಬ್ಬಿಯ ಬೆನ್ನಿಗೆ ಕೈಯಿಟ್ಟು ಹೊರಬಾಗಿಲಿನ ಕಡೆ ಮೆಲ್ಲಗೆ ತಳ್ಳಿ ನೋಡಿದರು. ಅದು ಎದ್ದು, ಒಂದು ಸುತ್ತು ಸುತ್ತಿ, ಮತ್ತೆ ಅದೇ ಜಾಗದಲ್ಲಿ ಕೂತಿತು.

ಹೊಸ ಸಾಹೇಬರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಅವರು ಚಪ್ಪಾಳೆ ತಟ್ಟಿದರು. ಸಾಹೇಬರು ತಟ್ಟಿದ ಮೇಲೆ ನಾವೂ ತಟ್ಟಿದೆವು. ಯಜಮಾನರೇ ಕರೆದರೂ ಬಾರದ ನಾಯಿ! ಹಿಂದಿನ ಸಾಹೇಬರ ಕಾಲದಲ್ಲಿ ನಾಯಿ ತನಗೆ ಬರುತ್ತಿದ್ದುದನ್ನೇ ಮಾಡಿತ್ತು. ಇದು ಮಾತ್ರ ಅಪ್ಪಟ ನಮ್ಮ ಇಲಾಖೆ ಕಲಿಸಿದ ವಿದ್ಯೆ. ಗುಬ್ಬಿ ಪಾಸಾಗುವುದು ಖಂಡಿತವೆಂದೂ, ಪರೀಕ್ಷೆ ಮುಗಿದ ಕೂಡಲೇ ಅದನ್ನು ತಿಳಿಸಲಾಗುವುದೆಂದೂ ನಾನು ಅಲ್ಲೇ ಪ್ರಕಟಣೆ ಬರೆದೆ. ಪರೀಕ್ಷೆ ಸದ್ಯ ಮುಗಿಯುವುದಿಲ್ಲವೆಂಬುದನ್ನು ಪ್ರತ್ಯೇಕವಾಗಿ ಬರೆಯಬೇಕೆನ್ನಿಸಲಿಲ್ಲ.

ಟೈಲರಮ್ಮನ ಕೈಯಿಂದ ಚೀಲ ಜಾರಿ ದಾರದ ಉಂಡೆಗಳು ಉರುಳಿದವು. ಅತ್ತೆ ತಕ್ಕಡಿಯಿಂದ ಇಳಿದು ಬಂದು, ಸೊಂಟ ಹಿಡಿದುಕೊಂಡು ಒಂದೊಂದಾಗಿ ಅವನ್ನು ಆರಿಸಿ ಚೀಲಕ್ಕೆ ಹಾಕಿದರು. ಸೊಸೆಯ ಭುಜದ ಮೇಲೆ ಕೈಯಿಟ್ಟರು. ಇದನ್ನು ಅವರ ಬೀದಿಯಲ್ಲಿ ಯಾರೂ ನಂಬಲಾರರು.

"ಬಾರೇ ಮಗಳೇ," ಎಂದರು. "ಅದು ಇನ್ನು ನಾಯಿ ಅಲ್ಲ ಕಣೆ, ನೌಕರ."

ಇಬ್ಬರೂ ಮಿಷನ್ನನ್ನು ಅಲ್ಲೇ ಬಿಟ್ಟು ಮನೆಗೆ ಹೋದರು.

ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಟೈಲರಮ್ಮ ಬಂದರು. ಯಾರೂ ಕರೆದಿರಲಿಲ್ಲ. ಮಿಷನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದರು. ಪಕ್ಕದ ಊರುಗಳಲ್ಲಿ ನಮ್ಮ ಶಾಖೆಗಳು ತೆರೆಯಲಿದ್ದು, ಅಲ್ಲಿ ಕೂರಬೇಕಾದ ನಾಯಿಗಳಿಗೆ ಅಂಗಿ ಹೊಲಿಯುವ ಕೆಲಸ ಆಕೆಗೇ ಆಗಲಿದೆ ಎಂದು ಸೂಪರಿಂಟೆಂಡೆಂಟರು ಹೇಳಿದರು. ಆದೇಶ ಇನ್ನೂ ಬಂದಿಲ್ಲ, ಸಾಹೇಬರ ಮೇಜಿನ ಮೇಲಿದೆ, ಇಂದೋ ನಾಳೆಯೋ ಸಹಿಯಾಗುತ್ತದೆ. ಆಗಲಿ ಸಾರ್ ಎಂದರು ಟೈಲರಮ್ಮ.

ಅಷ್ಟರಲ್ಲಿ ಬಾಗಿಲು ಕಿರ್ ಎಂದಿತು. ಗುಬ್ಬಿ ತಲೆಯೆತ್ತಿತು, ನಾವೆಲ್ಲರೂ ತಲೆಯೆತ್ತಿದೆವು. ಮಿಷನ್ನಿನ ಸದ್ದು ನಿಂತಿತು. ಆಕೆಯೂ ಅತ್ತಲೇ ನೋಡುತ್ತಿದ್ದರು.